ಒಂಬತ್ತನೇ ತರಗತಿಗೆ ನಿದ್ದೆ ಬಾರದ ವರ್ಷ

ಹೊಸದಾಗಿ ವ್ಯಾಯಾಮ ಶಿಕ್ಷಕಿಯರಾಗಿ ನೇಮಕಗೊಂಡ ಕೆಲವು ಹುಡುಗಿಯರು ಮೊನ್ನೆ ಪಸ್ತಾಪುರದ ನಮ್ಮ ಮನೆಗೆ ಬಂದಿದ್ದರು. "ಟೀಚರ್, ಕೆಲ್ಸ ಖರೇ ಹೆಂಗಿರ್ತದ ಹೇಳ್ರಿ" ಎಂದರು. ನಾನು ಮಾತಿಗೆ ಕೂತರೆ ಏಳುವವಳಲ್ಲ. ಅವರ ಬಸ್ಸು ತಪ್ಪುವಷ್ಟು ಹೇಳಿದೆ. ಅವರು ಹೋದ ಮೇಲೆ ನೆನಪಾಯಿತು, ಎಲ್ಲಕ್ಕಿಂತ ಮೊದಲು ಹೇಳಬೇಕಾದ ಸಂಗತಿಯನ್ನೇ ಹೇಳಿರಲಿಲ್ಲ! ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಬಡ್ತಿ, ಶಾಲು, ಹಾರ ಇವುಗಳಿಂದ ನಿಮಗೆ ಪ್ರಯೋಜನವಿಲ್ಲ. ನಾನು ಹೇಳಹೊರಟಿರುವುದು ನಿದ್ದೆಯ ವಿಷಯ. ವ್ಯಾಯಾಮ ಕಲಿಸುವವಳಿಗೂ ನಿದ್ದೆಗೂ ಏನು ಸಂಬಂಧ ಎಂದು ನಗಬೇಡಿ. ಸರ್ಕಾರಿ ಬಾಲಕಿಯರ ವಸತಿ ಶಾಲೆಯಲ್ಲಿ ಇಡೀ ಶಾಲೆಯನ್ನು ಎಬ್ಬಿಸುವವಳು ನೀವೇ. ಕತ್ತಲಿರುವಾಗಲೇ ಸೀಟಿ ಊದಿ, ಹೊದಿಕೆ ಎಳೆದು, ಮೈದಾನಕ್ಕೆ ಅಟ್ಟುವವಳು ನೀವು. ಮಕ್ಕಳು ದಿನದಲ್ಲಿ ಮೊದಲು ನೋಡುವ ಮುಖ ನಿಮ್ಮದು. ಮನಸ್ಸಿನಲ್ಲಿ ಮೊದಲು ಬೈಯುವುದೂ ನಿಮ್ಮನ್ನೇ.

ನನ್ನ ಮೊದಲ ಕೆಲಸ ಜಹೀರಾಬಾದಿನಲ್ಲಿ. ನಮ್ಮದು ಬೌದ್ಧರ ಮನೆ. ಅವ್ವ ಕೂಲಿಗೆ ಹೋಗಿ ಓದಿಸಿದ್ದಳು. ಬೀದರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ ಕಲಿತು, ಆಮೇಲೆ ಗಡಿ ದಾಟಿ ಈ ಕಡೆ ಬಂದು ತೆಲುಗಿನಲ್ಲಿ ತರಬೇತಿ ಮುಗಿಸಿದವಳು ನಾನು. ಕೊರಳಿಗೆ ಸೀಟಿ ಬಂದ ದಿನ ಅವ್ವ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದನ್ನ ಊದಿದರ ಪಗಾರ ಕೊಡ್ತಾರೇನು?" ಎಂದು ಬೆರಗಾಗಿದ್ದಳು. ಹೌದು, ಊದಿದೆ! ಎಷ್ಟು ಹುರುಪಿನಿಂದ ಊದಿದೆನೆಂದರೆ ರಸ್ತೆಯಾಚೆಯ ಹಾಲಿನವನು ನನ್ನ ಸೀಟಿಗೆ ಎಮ್ಮೆ ಹಿಂಡಲು ಏಳುತ್ತಿದ್ದ.

ಅಲ್ಲಿ ಕಂಡ ಒಂದು ವಿಚಿತ್ರವನ್ನು ಈಗ ನೆನೆದರೂ ನಗು ಬರುತ್ತದೆ. ಐದನೇ, ಆರನೇ ತರಗತಿಯ ಪುಟ್ಟ ಮಕ್ಕಳು ಸೀಟಿಗಿಂತ ಮುಂಚೆಯೇ ಎದ್ದು ಗುಬ್ಬಿಗಳ ಹಾಗೆ ಕಿಚಿಪಿಚಿ ಮಾಡುತ್ತಿದ್ದರು. ಒಂಬತ್ತು, ಹತ್ತನೇ ತರಗತಿಯವರು ಮಾತ್ರ ಚಪ್ಪಡಿ ಕಲ್ಲಿನ ಹಾಗೆ ಬಿದ್ದಿರುತ್ತಿದ್ದರು. ಎಬ್ಬಿಸಿದರೆ ಎದ್ದು ಕೂತೇ ಮಲಗುತ್ತಿದ್ದರು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಎಲ್ಲರೂ ಸಾಲಾಗಿ ತರಗತಿಗೆ ಹೋದರೂ ಹತ್ತನೆಯ ಒಬ್ಬಳು ಕೈ ಮುಗಿದುಕೊಂಡು ಅಂಗಳದ ನಡುವೆ ನಿಂತೇ ಇದ್ದಳು. ಎಂಥ ಭಕ್ತಿ ಎಂದು ಹತ್ತಿರ ಹೋಗಿ ನೋಡಿದರೆ ಗೊರಕೆ! ಇಡೀ ಶಾಲೆ ನಕ್ಕಿತು, ಆ ಹುಡುಗಿಯೂ ನಕ್ಕಳು. ದೊಡ್ಡವರಾಗುತ್ತಾ ಮಕ್ಕಳು ಸೋಮಾರಿಗಳಾಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೇ ಹುಡುಗಿಯರು ಸಂಜೆ ಮೈದಾನದಲ್ಲಿ ಜಿಂಕೆಗಳಂತೆ ಓಡುತ್ತಿದ್ದರಲ್ಲ, ಬೆಳಿಗ್ಗೆ ಬಂದ ಸೋಮಾರಿತನ ಸಂಜೆಗೆ ಎಲ್ಲಿ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ನನ್ನಿಂದ ಕೇಳಿಸಿದವಳು ಬೀರಮ್ಮ. ಅದು ನಾರಾಯಣಖೇಡಿಗೆ ವರ್ಗವಾಗಿ ಹೋದ ಮೇಲಿನ ಕತೆ.

ಬೀರಮ್ಮ ಕಲ್ಹೇರ್ ಕಡೆಯ ಹಳ್ಳಿಯವಳು. ಅಪ್ಪ ಮಲ್ಲಪ್ಪನಿಗೆ ಒಂದಿಷ್ಟು ಕುರಿ, ತುಂಡು ಹೊಲ. ಅವಳು ಒಂಬತ್ತನೇ ತರಗತಿಗೆ ಬಂದಾಗ ಖೋ ಖೋ ಆಟದಲ್ಲಿ ನಾನು ಅಂಥವಳನ್ನು ಕಂಡಿರಲಿಲ್ಲ. ಚದುರಿದ ಕುರಿಗಳನ್ನು ತಿರುಗಿಸಿ ತಿರುಗಿಸಿ ಬೆಳೆದ ಕಾಲು ಅವು! ಎದುರಾಳಿ ಯಾವ ಕಡೆಗೆ ಹೊರಳುತ್ತಾಳೆಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಕಂಬವನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಯನ್ನು ಗಾಳಿಯಲ್ಲಿ ಚಾಚಿದರೆ ಓಡುವವಳ ಬೆನ್ನಿಗೆ ಬೆರಳು ತಗುಲಿಯೇ ತೀರುತ್ತಿತ್ತು. ಈ ತಂಡ ತಾಂಡೂರಿನ ವಲಯ ಪಂದ್ಯಕ್ಕೆ ಹೋಗಲೇಬೇಕು ಎಂದು ನಾನು ಪಣ ತೊಟ್ಟಿದ್ದೆ.

ಆದರೆ ಬೆಳಗಿನ ಅಭ್ಯಾಸದಲ್ಲಿ ಅದೇ ಬೀರಮ್ಮ ಬೇರೆಯೇ ಹುಡುಗಿ. ಕಣ್ಣು ಊದಿರುತ್ತಿತ್ತು, ಖೋ ಎಂದು ಬೆನ್ನು ತಟ್ಟಿದರೂ ಏಳುವುದು ತಡವಾಗುತ್ತಿತ್ತು. ಒಂದು ದಿನ ನೇರವಾಗಿ ಕಂಬಕ್ಕೇ ಹಾಯ್ದು ಹುಬ್ಬಿನ ಮೇಲೆ ಗಾಯ ಮಾಡಿಕೊಂಡಳು. ಅರಿಶಿನ ಹಚ್ಚುತ್ತಾ ಕೇಳಿದೆ.

"ಯಾಕವ್ವ, ರಾತ್ರಿ ಮಲಗಿದ್ದಿಲ್ಲೇನು?"

"ಮಲ್ಕೋತೀನ್ರಿ ಟೀಚರ್. ಕಣ್ಣು ಮುಚ್ಕೊಂಡೇ ಇರ್ತೀನ್ರಿ. ನಿದ್ದಿನೇ ಬರವಲ್ದು." ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಎಲ್ಲಾರೂ ಮಲಗಿರ್ತಾರ್ರಿ, ನಾ ಒಬ್ಬಾಕೀನೇ ಎಚ್ಚರ ಇರ್ತೀನಿ. ನಂಗ ಏನೋ ಆಗ್ಯಾದ್ರಿ."

ಅಷ್ಟರಲ್ಲಿ ಹಾಸ್ಟೆಲ್ಲಿನಲ್ಲಿ ಸುದ್ದಿ ಹಬ್ಬಿಬಿಟ್ಟಿತ್ತು. ಬೀರಮ್ಮ ರಾತ್ರಿ ಹಾಸಿಗೆಯ ಮೇಲೆ ಎದ್ದು ಕೂತಿರುತ್ತಾಳೆ, ಅವಳಿಗೆ ಗಾಳಿ ಬಡಿದಿದೆ ಎಂದು. ಪಕ್ಕದ ಹಾಸಿಗೆಯವಳು ತನ್ನ ಟ್ರಂಕನ್ನು ಆಚೆ ಸರಿಸಿಕೊಂಡಳು. ಊಟದ ಸಾಲಿನಲ್ಲಿ ಅವಳ ಹಿಂದೆ ನಿಲ್ಲಲು ಹುಡುಗಿಯರು ಹೆದರತೊಡಗಿದರು.

ನಮ್ಮ ಪ್ರಿನ್ಸಿಪಾಲ್ ಶಕುಂತಲಾ ಮೇಡಂ ಗಾಳಿಯನ್ನು ನಂಬುವವರಲ್ಲ. ಅವರ ಅನುಮಾನ ಫೋನಿನ ಮೇಲೆ. "ಕದ್ದು ಫೋನ್ ಇಟ್ಕೊಂಡಾಳ. ಇಲ್ಲಂದ್ರ ಈ ವಯಸ್ಸಿನಾಗ ನಿದ್ದಿ ಯಾಕ ಬರಲ್ಲ?" ಎಂದು ಎಲ್ಲರ ಟ್ರಂಕು ತೆಗೆಸಿದರು. ಸಿಕ್ಕಿದ್ದು ಹುಣಸೆಹಣ್ಣಿನ ಉಂಡೆ, ಯಾರದೋ ಗೆಜ್ಜೆ, ಮುರಿದ ಕನ್ನಡಿ. ಬೀರಮ್ಮನ ಟ್ರಂಕಿನಲ್ಲಿ ಅವಳಪ್ಪ ನೇಯಿಸಿಕೊಟ್ಟ ಕರಿಯ ಕಂಬಳಿಯ ಹೊರತು ವಿಶೇಷವೇನೂ ಇರಲಿಲ್ಲ.

ಶಕುಂತಲಾ ಮೇಡಂ ಕೆಟ್ಟವರಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ನಾರಾಯಣಖೇಡಿನವರೇ. ಚಿಕ್ಕಂದಿನಿಂದ ನಸುಕಿನಲ್ಲೇ ಎದ್ದು ಓದಿ ಮೇಲೆ ಬಂದ ಹೆಣ್ಣು. ಸೂರ್ಯನಿಗಿಂತ ಮುಂಚೆ ಏಳದವರು ಉದ್ಧಾರವಾಗುವುದಿಲ್ಲ ಎಂಬುದು ಅವರಿಗೆ ಸಿದ್ಧಾಂತವಲ್ಲ, ಅನುಭವ. ಆದರೆ ಒಬ್ಬ ಹುಡುಗಿಯಿಂದ ಇಡೀ ಹಾಸ್ಟೆಲ್ ಹೆದರಿ ಕೂತಾಗ ಅವರು ಮಲ್ಲಪ್ಪನಿಗೆ ಹೇಳಿಕಳಿಸಿದರು.

ಮಲ್ಲಪ್ಪ ರುಮಾಲು ಸುತ್ತಿಕೊಂಡು ಬಂದು ಆಫೀಸಿನ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ. "ಮೇಡಂರಿ, ನಮ್ ಕುರಿ ಸೈತ ಹೊತ್ತಿಗಿ ಬರೋಬ್ಬರಿ ಮಲಗ್ತಾವ. ಈ ಪೋರಿಗಿ ಏನಾಗ್ಯಾದೋ! ಗಾಳಿನೇ ಬಡದದ ಅಂತಾರ ಮಂದಿ. ಕರ್ಕೊಂಡು ಹೋಗಿ ಮಂತ್ರ ಹಾಕಸ್ತೀನ್ರಿ."

"ಮಂತ್ರ ಗಿಂತ್ರ ನಂಗ ಗೊತ್ತಿಲ್ಲ ಮಲ್ಲಪ್ಪ. ಟಿಸಿ ಕೊಡ್ತೀನಿ. ಮನ್ಯಾಗ ಇಟ್ಕೋ, ಆರಾಮ ಆದ ಮ್ಯಾಲ ಬ್ಯಾರೆ ಸಾಲಿಗಿ ಹಾಕು."

ಟಿಸಿ! ಆ ಎರಡಕ್ಷರ ಕೇಳಿ ಬೀರಮ್ಮ ಗೋಡೆಗೆ ಒರಗಿಬಿಟ್ಟಳು. ಒಂಬತ್ತನೆಯ ನಡುವೆ ಶಾಲೆ ಬಿಟ್ಟ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ನಾನು ಬಹಳ ಕಡಿಮೆ ಕಂಡಿದ್ದೆ. ನನಗೆ ತಡೆಯಲಾಗಲಿಲ್ಲ.

"ಮೇಡಂ, ಮೊದಲ ಡಾಕ್ಟರ್‌ಗೆ ತೋರ್ಸೋಣ್ರಿ. ನಾ ಕರ್ಕೊಂಡು ಹೋಗ್ತೀನಿ. ಆಮ್ಯಾಲ ನೀವು ಹ್ಯಾಂಗ ಅಂತೀರಿ ಹಂಗ."

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆತು. ಡಾಕ್ಟರ್ ಏನಂತಾರ ಕೇಳ್ಕೊಂಡು ಬಾ. ಆದ್ರ ಸುಜಾತಾ, ಖೋ ಖೋ ಸಲುವಾಗಿ ನೀ ವಕೀಲಕಿ ಮಾಡಬ್ಯಾಡ."

ಮರುದಿನ ಮಲ್ಲಪ್ಪ, ಬೀರಮ್ಮ, ನಾನು ಬಸ್ಸು ಹತ್ತಿ ಜಹೀರಾಬಾದಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಡಾಕ್ಟರ್ ಫರ್ಹಾನಾ ಎಂಬ ಚುರುಕಾದ ಹೆಣ್ಣುಮಗಳು ಇದ್ದಳು. ಕನ್ನಡ, ದಖ್ಖನಿ, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಬೀರಮ್ಮನ ಕಣ್ಣು, ನಾಲಿಗೆ ನೋಡಿದಳು, ರಕ್ತ ಪರೀಕ್ಷೆ ಮಾಡಿಸಿದಳು, ಎದೆಗೆ ಕೊಳವೆ ಹಚ್ಚಿದಳು. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಬೇಟಿ, ಘಾಬರಿ ಆಗಬ್ಯಾಡ. ನಿಂಗ ದುಃಖ ಏನಾರ ಅದೇನು? ಯಾರಾರ ಕಾಡ್ತಾರೇನು?"

"ಇಲ್ಲರಿ. ನಿದ್ದಿ ಬರಲ್ಲಂತ ಅಂಜಿಕಿ. ಅಂಜಿಕಿ ಬಂದ್ರ ಇನ್ನಾ ನಿದ್ದಿ ಬರಲ್ಲ."

"ಆಖರಿಗಿ ನಿದ್ದಿ ಯಾವಾಗ ಬರ್ತದ?"

"ಎಲ್ಲಾರೂ ಮಲಗಿ ಬಾಳ ಹೊತ್ತಿನ ಮ್ಯಾಲ್ರಿ. ಬಂತಂದ್ರ ಗಟ್ಟಿ ಬರ್ತದ್ರಿ. ಅಷ್ಟ್ರಾಗೇ ಸೀಟಿ."

"ಐತ್ವಾರ, ಸೂಟಿ ದಿನ?"

"ಐತ್ವಾರ ಎಬ್ಬಿಸಲ್ಲರಿ. ಉಣ್ಣೋ ಹೊತ್ತಿನ ತನಾ ಮಲಗ್ತೀನಿ. ಅವತ್ತು ಬಾಳ ಚೊಲೋ ಇರ್ತೀನ್ರಿ."

"ಹಾಸಿಗಿ ಎಲ್ಲಿ?"

"ಲೈಟಿನ ಬುಡಕ್ಕ್ರಿ. ರಾತ್ರೆಲ್ಲಾ ಹತ್ತಿರ್ತದ."

ಫರ್ಹಾನಾ ಅಂಗೈಯಿಂದ ಮೇಜು ಕುಟ್ಟಿ ನಕ್ಕಳು. "ಗಾಳೀನೂ ಇಲ್ಲ, ಭೂತಾನೂ ಇಲ್ಲ! ಇದು ವಯಸ್ಸು!"

ಆಮೇಲೆ ಅವಳು ಹೇಳಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರ ಇದೆಯಂತೆ. ಕತ್ತಲಾಗುತ್ತಾ ಬಂದಂತೆ ಅದು ಮೆಲಟೋನಿನ್ ಎಂಬ ರಸವನ್ನು ಒಸರಿಸಿ, ಇನ್ನು ಮಲಗುವ ಹೊತ್ತಾಯಿತು ಎಂದು ಮೈಗೆಲ್ಲ ತಿಳಿಸುತ್ತದೆ. ಸಣ್ಣ ಮಕ್ಕಳಲ್ಲಿ ಈ ಸುದ್ದಿ ಬೇಗ ಹೊರಡುತ್ತದೆ. ಮೈನೆರೆಯುವ ವಯಸ್ಸು ಬಂದಾಗ ಗಡಿಯಾರವೇ ಹಿಂದೆ ಬೀಳುತ್ತದೆ. ಒಂದು ಗಂಟೆ, ಕೆಲವರಿಗೆ ಎರಡು ಗಂಟೆ. ದಿನವಿಡೀ ಎಚ್ಚರವಿದ್ದಾಗ ಕಣ್ಣಿನ ಮೇಲೆ ಕೂಡಿಬರುವ ನಿದ್ದೆಯ ಭಾರವೂ ಆ ವಯಸ್ಸಿನಲ್ಲಿ ನಿಧಾನವಾಗಿ ಕೂಡುತ್ತದೆ. ಇಪ್ಪತ್ತು ದಾಟಿದ ಮೇಲೆ ಗಡಿಯಾರ ಮೆಲ್ಲಗೆ ಮತ್ತೆ ಮುಂದಕ್ಕೆ ಬರುತ್ತದೆ. ಆದರೆ ಬೇಕಾದ ನಿದ್ದೆ ಮಾತ್ರ ಕಡಿಮೆಯಾಗುವುದಿಲ್ಲ, ಬೆಳೆಯುವ ಮೈಗೆ ಎಂಟೊಂಬತ್ತು ಗಂಟೆಯಾದರೂ ಬೇಕು.

"ಅಂದ್ರ ಆಕಿ ಮನಸ್ಸು ಮಾಡಿದರೂ ಜಲ್ದಿ ನಿದ್ದಿ ಬರಲ್ಲೇನ್ರಿ?" ಎಂದೆ.

"ಹಸಿವಿ ಇಲ್ದಾಗ ಉಣ್ಣು ಅಂದಂಗ. ಅದರ ಮ್ಯಾಲ ತಲಿ ಮ್ಯಾಲ ಲೈಟು. ಬೆಳಕು ಕಂಡ್ರ ಮಿದುಳು ಇನ್ನಾ ಹಗಲೇ ಅದ ಅಂತ ತಿಳ್ಕೋತದ. ಫೋನಿದ್ದ ಮನ್ಯಾಗ ಇನ್ನಾ ಬುರಾ ಹಾಲ್. ಐತ್ವಾರ ಮಧ್ಯಾಹ್ನದ ತನಾ ಮಲಗಿದರ ಅವತ್ತು ರಾತ್ರಿ ಹೆಂಗ ನಿದ್ದಿ ಬರ್ತದ?" ಎಂದವಳು ಒಮ್ಮೆಲೇ ಕೇಳಿದಳು, "ಅಂದಂಗ, ನಸುಕಿನಾಗ ಆ ಸೀಟಿ ಊದೋರು ಯಾರು?"

ಮಲ್ಲಪ್ಪ ಸಲೀಸಾಗಿ ನನ್ನ ಕಡೆ ಬೆರಳು ತೋರಿಸಿದ. "ಇವರೇರಿ!"

ಬೀರಮ್ಮ ಎಷ್ಟು ದಿನದ ಮೇಲೆ ನಕ್ಕಳೋ! ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಫರ್ಹಾನಾ ಮಾತ್ರೆ ಬರೆಯಲಿಲ್ಲ. ರಕ್ತ ಸ್ವಲ್ಪ ಕಡಿಮೆ ಇದೆ, ಅದಕ್ಕೆ ಕಬ್ಬಿಣದ ಗುಳಿಗೆ ಸಾಕು ಎಂದಳು. ವಾರಗಟ್ಟಲೆ ನಿದ್ದೆ ಬಾರದೆ ಮಗು ಮಂಕಾಗಿ ಊಟ ಬಿಟ್ಟರೆ, ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಅದು ಬೇರೆ, ಕೂಡಲೇ ಕರೆತನ್ನಿ ಎಂದೂ ಹೇಳಿದಳು. ಹೊರಡುವಾಗ ಅವಳು ಆಡಿದ ಮಾತೇ ನನಗೆ ಕಿಡಿ ಹಚ್ಚಿತು: "ಇಕಿ ಒಬ್ಬಾಕೀದೇ ಅಂತ ತಿಳ್ಕೊಂಡೀರೇನು? ಉಳಿದೋರನ್ನ ಒಮ್ಮಿ ಕೇಳ್ರಿ!"

ಅರೆರೆ! ಇಷ್ಟು ವರ್ಷ ಎಬ್ಬಿಸಿದ್ದೇನೆ, ಒಂದು ದಿನವೂ ಕೇಳಿಲ್ಲವಲ್ಲ! ಬಸ್ಸು ನಾರಾಯಣಖೇಡ್ ಮುಟ್ಟುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಳಿದವಳೇ ಶಕುಂತಲಾ ಮೇಡಂ ಹತ್ತಿರ ಓಡಿದೆ. ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೇ ಸಮನೆ ಒದರಿದೆ. ಮೇಡಂ ತಣ್ಣಗೆ ಕೇಳಿ, "ನಂಗ ಆ ವಯಸ್ಸಿನಾಗ ಹಂಗೇನೂ ಆಗಿದ್ದಿಲ್ಲ" ಎಂದರು.

"ಹಂಗಾದ್ರ ಮಕ್ಕಳನ್ನೇ ಕೇಳೋಣ್ರಿ. ನೀವೂ ಬರ್ರಿ."

ಮರುದಿನ ಮಧ್ಯಾಹ್ನದ ಊಟದ ನಂತರ ಎಲ್ಲ ತರಗತಿಗಳನ್ನೂ ಬೇವಿನ ಮರದ ಕೆಳಗೆ ಕೂರಿಸಿದೆವು. ಮೊದಲು ಐದನೇ ತರಗತಿಯವರನ್ನು ಕೇಳಿದೆ, "ಮಲ್ಕೊಂಡ ಮ್ಯಾಲ ಬಾಳ ಹೊತ್ತು ಎಚ್ಚರ ಇರೋರು ಯಾರವ್ವ?" ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದೆ ಕೂತಿದ್ದ ಒಂದು ಪುಟಾಣಿ ಎದ್ದು, "ಟೀಚರ್, ನಾ ಅಡ್ಡಾಗೋದೇ ಗೊತ್ತು. ಆಮ್ಯಾಲ ಮುಂಜಾನಿನೇ!" ಎಂದಿತು.

ಆಮೇಲೆ ಒಂಬತ್ತನೇ ತರಗತಿಯ ಕಡೆ ತಿರುಗಿದೆ. "ಯಾರೂ ಬೈಯಲ್ಲ. ಖರೇ ಹೇಳ್ರಿ. ಮಲಗೋ ಹೊತ್ತಾದ ಮ್ಯಾಲೂ ನಿದ್ದಿ ಬರದೇ ಹೊರಳಾಡೋರು ಕೈ ಎತ್ರಿ."

ಬೀರಮ್ಮ ತಲೆ ತಗ್ಗಿಸಿಯೇ ಮೊದಲು ಕೈ ಎತ್ತಿದಳು, ಒಂಟಿ ಕೈ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಕೈ ಮೇಲೆದ್ದಿತು. ಅದು ಅವಳ ಹಾಸಿಗೆಯಿಂದ ಟ್ರಂಕು ಸರಿಸಿಕೊಂಡವಳ ಕೈ! ಆಮೇಲೆ ತರಗತಿಯ ಲೀಡರಿನ ಕೈ. ಆಮೇಲೆ ಓದಿನಲ್ಲಿ ಮೊದಲು ಬರುವವಳದು. ಆಮೇಲೆ ಎಣಿಸುವ ಪ್ರಶ್ನೆಯೇ ಇಲ್ಲ. ಇಡೀ ಒಂಬತ್ತನೇ ತರಗತಿ, ಅವರ ಹಿಂದೆ ಹತ್ತನೆಯದೂ, ಜೋಳದ ಹೊಲದ ಹಾಗೆ ಕೈ ಎತ್ತಿ ಕೂತಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ತಿರುತಿರುಗಿ ನೋಡುತ್ತಿದ್ದರು. "ಏ, ನಿಂಗೂ?" "ನಾ ಒಬ್ಬಾಕೀನೇ ಅಂದ್ಕೊಂಡಿದ್ದೆ!" "ಅಂಜಿ ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ!" ನಗು, ಗದ್ದಲ, ಕೆಲವರ ಕಣ್ಣಲ್ಲಿ ನೀರು. ಬೀರಮ್ಮ ತಲೆ ಎತ್ತಿ ಆ ಕೈಗಳನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವಳಿಗೆ ಹಿಡಿದಿದ್ದ ಭೂತ ಆ ಕ್ಷಣಕ್ಕೇ ಬಿಟ್ಟು ಓಡಿತು.

ಶಕುಂತಲಾ ಮೇಡಂ ನನ್ನ ಹತ್ತಿರ ಬಂದರು. "ಟಿಸಿ ಮಾತು ಬಿಡು. ಈಗ ಏನ್ ಮಾಡೋಣಂತಿ?" ಎಂದರು.

ಏನು ಮಾಡುವುದು ಎಂದು ನನಗೆ ಪಕ್ಕಾ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಬೆಳಗಿನ ಅಭ್ಯಾಸ ರದ್ದು, ಆಟವೆಲ್ಲ ಸಂಜೆಗೆ, ಎಲ್ಲರೂ ತಡವಾಗಿ ಏಳಲಿ ಎಂದೆ. ಮೇಡಂ ಒಪ್ಪಿದರು, ಆದರೆ ತಾಂಡೂರಿನ ಪಂದ್ಯದ ತನಕ ಮಾತ್ರ. ಅಲ್ಲಿ ಹುಡುಗಿಯರು ಮಂಕಾಗಿ ಆಡಿದರೆ ಮತ್ತೆ ಹಳೆಯ ಸೀಟಿ.

ಮೊದಲ ವಾರ ಎಂಥ ಫಜೀತಿ ಅಂತೀರಿ! ಬೆಳಿಗ್ಗೆ ತಡವಾಗಿ ಏಳಬಹುದೆಂದು ತಿಳಿದ ದೊಡ್ಡ ಹುಡುಗಿಯರು ರಾತ್ರಿ ಹಾಸಿಗೆಯಲ್ಲಿ ಅಂತ್ಯಾಕ್ಷರಿ ಶುರು ಮಾಡಿದರು. ಬೆಳಿಗ್ಗೆ ಇಡೀ ಶಾಲೆ ಒಟ್ಟಿಗೆ ಎದ್ದು ನಲ್ಲಿಗೆ ಮುಗಿಬಿದ್ದಿತು. ಬಕೆಟ್ಟಿಗೆ ಬಕೆಟ್ಟು ಬಡಿದು, ಜಡೆ ಜಗಳವಾಗಿ, ಪ್ರಾರ್ಥನೆಗೆ ಅರ್ಧ ಶಾಲೆ ಒದ್ದೆ ತಲೆಯಲ್ಲಿ ಬಂದು ನಿಂತಿತು. ಅಡುಗೆಯವರು ಉಪ್ಪಿಟ್ಟು ಆರಿತೆಂದು ಕೂಗಾಡಿದರು. ಮೇಡಂ ನನ್ನತ್ತ ನೋಡಿದ ನೋಟಕ್ಕೆ ನಾನು ಗೋಡೆಯ ಹಿಂದೆ ಸರಿದುಕೊಂಡೆ.

ಆದರೆ ಆ ಗದ್ದಲದ ನಡುವೆಯೇ ನನಗೆ ಹೊಳೆದದ್ದು: ಪುಟ್ಟ ಮಕ್ಕಳು ಆಗಲೇ ಎದ್ದು ಕೂತು ಕಾಯುತ್ತಿದ್ದರಲ್ಲ! ಅವರಿಗೆ ತಡವಾಗಿ ಏಳುವುದು ಬೇಕಾಗಿರಲೇ ಇಲ್ಲ. ಅವರ ಗಡಿಯಾರ ಮುಂದೆ, ದೊಡ್ಡವರದು ಹಿಂದೆ. ಇರುವ ನಾಲ್ಕಾರು ನಲ್ಲಿಗೆ ಇದಕ್ಕಿಂತ ಚೆಂದದ ಪಾಳಿ ಯಾರು ಹಚ್ಚಿಕೊಡಬೇಕು? ಸಣ್ಣವರು ಮೊದಲು ಎದ್ದು ಮಿಂದು ಮೈದಾನಕ್ಕೆ ಹೋಗಲಿ. ಅವರು ನಲ್ಲಿ ಬಿಡುವ ಹೊತ್ತಿಗೆ ದೊಡ್ಡವರು ಏಳಲಿ. ಮರುದಿನವೇ ಹಾಗೆ ಮಾಡಿದೆವು. ಜಗಳ ಮಾಯ! ನನಗೆ ಅಂಗಳದಲ್ಲೇ ಕುಣಿಯಬೇಕೆನಿಸಿತು.

ರಾತ್ರಿಯ ಕ್ರಮವನ್ನೂ ಒಂದೊಂದೇ ಬದಲಿಸಿದೆವು. ಮಲಗುವ ಕೋಣೆಯ ಟ್ಯೂಬ್‌ಲೈಟು ವರಾಂಡಕ್ಕೆ ಹೋಯಿತು. ಭದ್ರತೆಗೆ ಅಲ್ಲಿಂದ ಬರುವ ಬೆಳಕು ಸಾಕಾಗುತ್ತಿತ್ತು. ಸಂಜೆಯ ಚಹಾದ ಬದಲು ಬೆಲ್ಲ ಹಾಕಿದ ರಾಗಿ ಅಂಬಲಿ. ಮಲಗುವ ಮುಂಚೆ ಪುಸ್ತಕ ಮುಚ್ಚಿ, ದೀಪ ಸಣ್ಣದು ಮಾಡಿ, ಸರದಿಯಂತೆ ಒಬ್ಬೊಬ್ಬರು ತಮ್ಮೂರಿನ ಕತೆ ಹೇಳುವುದು. ಅಂತ್ಯಾಕ್ಷರಿ ಸಂಜೆಯ ಮೈದಾನಕ್ಕೆ. ಭಾನುವಾರ ಸ್ವಲ್ಪ ಹೆಚ್ಚು ಮಲಗಬಹುದು, ಆದರೆ ಊಟದ ತನಕ ಅಲ್ಲ. ಎದ್ದ ಕೂಡಲೇ ಎಲ್ಲರೂ ಬಿಸಿಲಿಗೆ ಬಂದು ನಿಲ್ಲಬೇಕು. ಬೆಳಗಿನ ಬೆಳಕು ಕಂಡರೆ ಮಿದುಳಿನ ಗಡಿಯಾರ ಸ್ವಲ್ಪ ಮುಂದಕ್ಕೆ ಸರಿಯುತ್ತದೆ ಎಂದು ಫರ್ಹಾನಾ ಹೇಳಿದ್ದಳು.

ಪವಾಡವೇನೂ ಆಗಲಿಲ್ಲ. ಬೀರಮ್ಮ ಆಮೇಲೂ ಎಲ್ಲರಿಗಿಂತ ತಡವಾಗಿಯೇ ಮಲಗುತ್ತಿದ್ದಳು. ಆದರೆ ಹೆದರಿಕೆ ಹೋಗಿತ್ತು. "ಬರ್ತದ ಬಿಡ್ರಿ ಟೀಚರ್, ಅದರ ಹೊತ್ತಿಗಿ ಅದು ಬರ್ತದ" ಎನ್ನುತ್ತಿದ್ದಳು, ದೂರದ ಹಳ್ಳಿಯಿಂದ ಬರಬೇಕಾದ ನೆಂಟರ ಬಗ್ಗೆ ಹೇಳಿದ ಹಾಗೆ. ಹಾಗೆ ಬಿಟ್ಟಿದ್ದಕ್ಕೋ ಏನೋ ಅದು ಬೇಗ ಬೇಗ ಬರತೊಡಗಿತು. ಬೆಳಗಿನ ಗಣಿತದ ಮೇಷ್ಟ್ರು ಬಂದು, "ಏನ್ ಟೀಚರ್, ಒಂಬತ್ತನೇ ಕ್ಲಾಸಿನ್ಯಾಗ ಪ್ರಶ್ನೆ ಕೇಳ್ಲಾಕತ್ತ್ಯಾರ್ರಿ!" ಎಂದು ಆಶ್ಚರ್ಯಪಟ್ಟರು. ಮಾತು ಮಾತಿಗೆ ಸಿಡುಕುತ್ತಿದ್ದ ಹುಡುಗಿಯರ ಸಿಡುಕು ಇಳಿಯಿತು. ಸಂಜೆ ಮೈದಾನದಲ್ಲಂತೂ ಬೆಂಕಿ!

ತಾಂಡೂರಿಗೆ ಹೊರಟಾಗ ಶಕುಂತಲಾ ಮೇಡಂ ತಾವೂ ಬರುತ್ತೇನೆಂದು ಚೀಲ ಹಿಡಿದು ಬಸ್ಸು ಹತ್ತಿದರು. ತಮ್ಮ ಷರತ್ತನ್ನು ಕಣ್ಣಾರೆ ನೋಡಲು ಬಂದಿದ್ದಾರೆಂದು ನನಗೆ ಗೊತ್ತಿತ್ತು. ತೊಗರಿ ಹೂ ಬಿಟ್ಟಿದ್ದ ಕಾಲ. ಕಲ್ಲು ಕೊಯ್ಯುವ ಕಾರ್ಖಾನೆಗಳ ಬಿಳಿ ದೂಳು ಮೈದಾನದ ಬೇಲಿಯ ಮೇಲೂ ಕೂತಿತ್ತು. ನಮ್ಮ ಸುದ್ದಿ ನಮಗಿಂತ ಮುಂಚೆ ಅಲ್ಲಿ ತಲುಪಿತ್ತು. ಬೇರೆ ಶಾಲೆಯ ಒಬ್ಬ ತರಬೇತುದಾರರು, "ನಿಮ್ಮ ಹುಡುಗೇರು ಬಿಸಿಲು ಬಿದ್ದ ಮ್ಯಾಲ ಏಳ್ತಾರಂತಲ್ಲ ಮೇಡಂ, ಹಾಸಿಗಿ ಸಂಗ್ತಿ ತಂದೀರೇನು?" ಎಂದು ಎಲ್ಲರೆದುರು ನಗೆಯಾಡಿದರು. ಶಕುಂತಲಾ ಮೇಡಂ ಮುಖ ಬಿಗಿದುಕೊಂಡಿತು.

ಮೊದಲ ಪಂದ್ಯ ಗೆದ್ದೆವು. ಎರಡನೆಯದೂ ಗೆದ್ದೆವು! ಎರಡನೆಯದರಲ್ಲಿ ಸೋತವರು ಅದೇ ತರಬೇತುದಾರರ ತಂಡ. ಇಳಿಹೊತ್ತಿನಲ್ಲಿ ಫೈನಲ್, ಊರಿನವರದೇ ತಂಡದ ಎದುರು. ಜನ ಬೇಲಿಗೆ ಜೋತುಬಿದ್ದು ನೋಡುತ್ತಿದ್ದರು. ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನಾವು. ಎದುರಿನವರಲ್ಲಿ ಒಬ್ಬಳು ಔಟಾದಳು, ಇನ್ನೊಬ್ಬಳು ಔಟಾದಳು. ಸರಿಗಟ್ಟಲು ಇನ್ನೊಬ್ಬಳು ಬೇಕು. ಎದುರಾಳಿ ಹುಡುಗಿ ಮೀನಿನಂತೆ ನುಸುಳುತ್ತಿದ್ದಾಳೆ. "ಖೋ!" ಎಂದದ್ದೇ ತಡ ಬೀರಮ್ಮ ಎದ್ದಳು. ಒಂದು ಕಂಬದಿಂದ ಇನ್ನೊಂದಕ್ಕೆ ಬಾಣ. ಆಗ ನನ್ನ ಕಿವಿಯ ಹತ್ತಿರ ಯಾರೋ ಗಂಟಲು ಹರಿಯುವ ಹಾಗೆ ಕಿರುಚಿದರು: "ಹಿಡೀ ಬೀರಮ್ಮಾ! ಬಿಡಬ್ಯಾಡ ಆಕೀನ್ನ!" ತಿರುಗಿ ನೋಡಿದರೆ ಶಕುಂತಲಾ ಮೇಡಂ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಎಲ್ಲೋ ಬಿಟ್ಟು, ಸುಣ್ಣದ ಗೆರೆಯ ಮೇಲೆ ಜಿಗಿಯುತ್ತಿದ್ದಾರೆ. ಬೀರಮ್ಮ ಕಂಬ ಹಿಡಿದು ಮೈ ಚಾಚಿದಳು. ಬೆರಳಿಗೂ ಬೆನ್ನಿಗೂ ನಡುವೆ ಒಂದು ಗೇಣು. ಅಷ್ಟರಲ್ಲಿ ಸಮಯ ಮುಗಿಯಿತು.

ಒಂದೇ ಅಂಕದಿಂದ ಸೋತೆವು.

ಹುಡುಗಿಯರು ಮಣ್ಣಲ್ಲಿ ಕೂತು ಅತ್ತರು. ನಾನು ಏನು ಹೇಳಲಿ ಎಂದು ಹುಡುಕುತ್ತಿರುವಾಗ ಆಯ್ಕೆಗಾರರು ಬಂದು ರಾಜ್ಯ ಶಿಬಿರಕ್ಕೆ ಬೀರಮ್ಮನ ಹೆಸರು ಕರೆದರು. ಅಳುತ್ತಿದ್ದವರೇ ಎದ್ದು ಅವಳನ್ನು ಎತ್ತಿಕೊಂಡು ಕುಣಿದರು. ಶಕುಂತಲಾ ಮೇಡಂ ಆ ನಗೆಯಾಡಿದ ತರಬೇತುದಾರರನ್ನು ಹುಡುಕಿಕೊಂಡು ಹೋಗಿ, "ಸರ್, ಹಾಸಿಗಿ ತಂದಿಲ್ಲ. ಬೇಕಾದ್ರ ನಮ್ಮ ಟೈಮ್ ಟೇಬಲ್ ಕಳಸ್ತೀನಿ" ಎಂದು ಹೇಳಿ ಬಂದರು. ಷರತ್ತಿನ ಬಗ್ಗೆ ನಾನು ಕೇಳಬೇಕಾಗಿ ಬರಲಿಲ್ಲ. ಆ ಶಾಲೆಯಲ್ಲಿ ದೊಡ್ಡ ಹುಡುಗಿಯರನ್ನು ಕತ್ತಲಲ್ಲಿ ಎಬ್ಬಿಸುವುದು ಅಲ್ಲಿಗೇ ನಿಂತಿತು. ಮುಂದೆ ನಾನು ತಾಂಡೂರಿಗೆ ವರ್ಗವಾಗಿ, ಅಲ್ಲೇ ನಿವೃತ್ತಳಾಗುವವರೆಗೂ ಹೀಗೇ ನಡೆಸಿದೆ. ನಿಮಗೂ ಅದನ್ನೇ ಹೇಳುತ್ತೇನೆ: ಎಬ್ಬಿಸುವ ಮುಂಚೆ, ಯಾವಾಗ ಮಲಗಿದರು ಎಂದು ಕೇಳಿ.

ಆ ಸಂಜೆ ಮರಳಿ ಹೊರಟ ಬಸ್ಸಿನಲ್ಲಿ ನಡೆದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಹೊತ್ತು ಆಗಷ್ಟೇ ಮುಳುಗಿತ್ತು. ಹುಡುಗಿಯರ ಕಣ್ಣಲ್ಲಿ ನಿದ್ದೆಯ ಸುಳಿವಿಲ್ಲ. ಹಾಡು, ಚಪ್ಪಾಳೆ, ಕೇಕೆ. ಎರಡನೇ ಸಾಲಿನಲ್ಲಿ ಬೀರಮ್ಮನ ಪಕ್ಕ ಕೂತಿದ್ದ ಶಕುಂತಲಾ ಮೇಡಂ ಮೊದಲು ತಾಳ ಹಾಕುತ್ತಿದ್ದರು. ಆಮೇಲೆ ತಾಳ ತಪ್ಪಿತು. ಜಹೀರಾಬಾದ್ ಇನ್ನೂ ದೂರವಿರುವಾಗಲೇ ಅವರ ತಲೆ ಮೆಲ್ಲಗೆ ವಾಲಿ ಬೀರಮ್ಮನ ಹೆಗಲ ಮೇಲೆ ನಿಂತಿತು. ಬಾಯಿ ತುಸು ತೆರೆದಿತ್ತು.

ಬೀರಮ್ಮ ಅಲುಗಾಡಲಿಲ್ಲ. ಹಿಂದಿನಿಂದ ಹುಡುಗಿಯರು ಅವಳನ್ನು ಹಾಡಿಗೆ ಕರೆದರು. ಅವಳು ಬೆರಳನ್ನು ತುಟಿಗೆ ಒತ್ತಿ ತೋರಿಸಿದಳು. ಇಡೀ ಬಸ್ಸು ತಣ್ಣಗಾಯಿತು. ಕಂಡಕ್ಟರ್ ಟಿಕೆಟ್ಟಿಗಾಗಿ ಮೇಡಂನ ಭುಜ ತಟ್ಟಲು ಕೈ ಚಾಚಿದ. ಬೀರಮ್ಮ ಆ ಕೈಯನ್ನು ಅರ್ಧದಲ್ಲೇ ಹಿಡಿದಳು. ಮೈದಾನದಲ್ಲಿ ಒಂದು ಗೇಣು ತಪ್ಪಿದ ಕೈ ಈಗ ತಪ್ಪಲಿಲ್ಲ.

"ಎಬ್ಬಿಸಬ್ಯಾಡ್ರಿ ಅಣ್ಣಾ," ಎಂದಳು ಪಿಸುದನಿಯಲ್ಲಿ. "ಅವರಿಗಿ ಈಗ ಹೊತ್ತಾಗ್ಯಾದ."